ರೈಡ್ ಹೈಟ್: ಬುಷ್ ಬೋಲ್ಟ್ ಬಿಗಿಯಬೇಕಾದ ಎತ್ತರ

ಕಾರಿನ ನಾಲ್ಕೂ ಚಕ್ರ ನೆಲದ ಮೇಲಿದ್ದು, ಗಾಡಿ ತನ್ನ ಭಾರದ ಮೇಲೆ ನಿಂತಾಗ ಬಾಡಿ ಎಷ್ಟು ಎತ್ತರದಲ್ಲಿರುತ್ತದೋ ಅದೇ ರೈಡ್ ಹೈಟ್. ಅಳೆಯುವುದು ಸುಲಭ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದರೆ ಸಾಕು. ಗ್ರೌಂಡ್ ಕ್ಲಿಯರೆನ್ಸ್ ಬೇರೆ. ಅದು ಕಾರಿನ ತಳದಿಂದ ನೆಲಕ್ಕಿರುವ ಅಂತರ, ಟಯರ್ ಸೈಜ್ ಬದಲಾದರೂ ಅದು ಬದಲಾಗುತ್ತದೆ.

ದಾವಣಗೆರೆಯಿಂದ ಚನ್ನಗಿರಿ ಕಡೆಗೋ ಜಗಳೂರು ಕಡೆಗೋ ದಿನಾ ಓಡಾಡುವ ಹಳೆ ಕಾರಿನ ಮುಂಭಾಗ ಒಂದಿಷ್ಟು ತಗ್ಗಿರುತ್ತದೆ. "ಸ್ಪ್ರಿಂಗ್ ಕೂತಿದೆ ಯಜಮಾನ್ರೆ, ಹಾಕಿಸಿಬಿಡಿ" ಅಂತಾರೆ ಗ್ಯಾರೇಜಿನವರು. ಸರಿ, ಹೊಸ ಸ್ಪ್ರಿಂಗ್ ಬರುತ್ತದೆ. ಗಾಡಿ ಲಿಫ್ಟ್ ಮೇಲೆ ಏರುತ್ತದೆ, ಚಕ್ರಗಳು ಗಾಳಿಯಲ್ಲಿ ಜೋತು ಬೀಳುತ್ತವೆ, ಎಲ್ಲ ಜೋಡಿಸಿ ನಟ್ ಬಿಗಿಯುವ ಗನ್ ಹಿಡಿದು ಬೋಲ್ಟುಗಳನ್ನು ಅಲ್ಲೇ ಟೈಟ್ ಮಾಡಿ ಇಳಿಸುತ್ತಾರೆ. ರೈಡ್ ಹೈಟ್ ಎಂಬ ಮಾತು ಬೇಕಾಗಿದ್ದೇ ಆ ಹೊತ್ತಿನಲ್ಲಿ. ಬುಷ್ ಬೋಲ್ಟುಗಳನ್ನು ಬಿಗಿಯಬೇಕಾದ್ದು ಆ ಎತ್ತರದಲ್ಲಿ, ಗಾಳಿಯಲ್ಲಲ್ಲ.

ಯಾಕೆ ಅಂತ ತಿಳಿಯಲು ಬುಷ್ ಒಳಗೆ ನೋಡಬೇಕು. ಚಕ್ರವನ್ನು ಹಿಡಿದಿಡುವ ಲೋಹದ ತೋಳೇ ಲೋವರ್ ಆರ್ಮ್. ಅದರ ಒಂದು ತುದಿ ಚಕ್ರದ ಕಡೆಗಿದ್ದರೆ ಇನ್ನೊಂದು ತುದಿ ಚಾಸಿ, ಅಂದರೆ ಗಾಡಿಯ ಚೌಕಟ್ಟಿನ ಕಡೆಗೆ. ಚಾಸಿ ಕಡೆಯ ತೂತಿನಲ್ಲಿ ಕೂತಿರುವುದೇ ಬುಷ್. ಹೊರಗೆ ಕಬ್ಬಿಣದ ಬಳೆ, ಒಳಗೆ ಬೋಲ್ಟ್ ತೂರುವ ಸಣ್ಣ ಕೊಳವೆ, ನಡುವೆ ಎರಡಕ್ಕೂ ಗಟ್ಟಿಯಾಗಿ ಅಂಟಿಕೊಂಡ ರಬ್ಬರ್. ಆರ್ಮ್ ಮೇಲೆ ಕೆಳಗೆ ಆಡುವಾಗ ಬೋಲ್ಟಿನ ಸುತ್ತ ತಿರುಗುತ್ತದೆ ಎಂದುಕೊಂಡವರೇ ಜಾಸ್ತಿ. ಹಾಗಿಲ್ಲ. ಬೋಲ್ಟ್ ಬಿಗಿದ ಕ್ಷಣ ಒಳಗಿನ ಕೊಳವೆ ಬ್ರ್ಯಾಕೆಟ್‌ನ ಎರಡು ಕಿವಿಗಳ ನಡುವೆ ಕಚ್ಚಿಕೊಂಡು ಅಲ್ಲಾಡದೆ ನಿಂತುಬಿಡುತ್ತದೆ. ಕಚ್ಚಲಿ ಅಂತಲೇ ಎಷ್ಟೋ ಬುಷ್‌ಗಳ ಕೊಳವೆ ತುದಿಗೆ ಸಣ್ಣ ಹಲ್ಲುಗಳಿರುತ್ತವೆ. ಆಮೇಲೆ ಆರ್ಮ್ ಆಡುವುದೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದ ಮಾತ್ರ. ಅಂದರೆ ಯಾವ ಎತ್ತರದಲ್ಲಿ ಬೋಲ್ಟ್ ಬಿಗಿದಿರೋ ಆ ಎತ್ತರವೇ ರಬ್ಬರಿಗೆ ವಿಶ್ರಾಂತಿಯ ಜಾಗ.

ಚಕ್ರ ಜೋತುಬಿದ್ದಾಗ ಬಿಗಿದರೆ? ಒಂದು ಲೆಕ್ಕ ಹಾಕೋಣ. ಆರ್ಮ್ ಉದ್ದ 300 ಮಿಲಿಮೀಟರ್, ಲಿಫ್ಟ್ ಮೇಲೆ ಚಕ್ರ 80 ಮಿಲಿಮೀಟರ್ ಕೆಳಗೆ ಇಳಿದಿದೆ ಅಂದುಕೊಳ್ಳಿ. ಗಾಡಿ ನೆಲಕ್ಕೆ ಬಂದ ಕೂಡಲೇ ರಬ್ಬರ್ ಸುಮಾರು 15 ಡಿಗ್ರಿ ತಿರುಚಿ ನಿಲ್ಲುತ್ತದೆ. ಶೆಡ್ಡಿನಲ್ಲಿ ಸುಮ್ನೆ ನಿಂತಾಗಲೂ ಅಷ್ಟೇ. ರಾತ್ರಿ ಬಸ್ಸಿನಲ್ಲಿ ಕತ್ತು ಒಂದೇ ಕಡೆ ವಾಲಿಸಿಕೊಂಡು ಬೆಂಗಳೂರಿನವರೆಗೆ ಮಲಗಿದ ಹಾಗೆ. ಅದರ ಮೇಲೆ ಒಂದು ಹಂಪ್ ಬಂದು ಚಕ್ರ 60 ಮಿಲಿಮೀಟರ್ ಮೇಲೆದ್ದರೆ ಇನ್ನೂ 11-12 ಡಿಗ್ರಿ. ಸರಿಯಾದ ಎತ್ತರದಲ್ಲಿ ಬಿಗಿದಿದ್ದರೆ ಅದೇ ಹಂಪಿಗೆ ಆ 11-12 ಡಿಗ್ರಿ ಮಾತ್ರ ತಿರುಚಬೇಕಿತ್ತು.

ತಿರುಚಿದ ರಬ್ಬರ್ ತಾನೂ ಒಂದು ಸ್ಪ್ರಿಂಗ್‌ನಂತೆ ಕೆಲಸ ಮಾಡಿ ಚಕ್ರವನ್ನು ಕೆಳಗೆ ಒತ್ತುತ್ತಿರುತ್ತದೆ. ಅದಕ್ಕೇ ಗಾಡಿ ಇರಬೇಕಾದ್ದಕ್ಕಿಂತ ಸ್ವಲ್ಪ ಎತ್ತರ ಕಾಣುತ್ತದೆ, ಸಣ್ಣ ಗುಂಡಿಗೂ ಒರಟಾಗಿ ಎದ್ದು ಬೀಳುತ್ತದೆ. "ಹೊಸ ಸ್ಪ್ರಿಂಗ್ ಅಲ್ವಾ, ಹಂಗೇ ಇರುತ್ತೆ" ಎಂಬ ಸಮಾಧಾನ ಸಿಗುತ್ತದೆ. ದಿನ ಕಳೆದಂತೆ ರಬ್ಬರ್ ಅಂಚಿನಲ್ಲಿ ಸೀಳು ಬಿಡುತ್ತದೆ, ಹಂಪಿನ ಮೇಲೆ ಕಟಕಟ ಶುರುವಾಗುತ್ತದೆ. ಬೈಗುಳ ಮಾತ್ರ ಬುಷ್ ಕಂಪನಿಗೆ.

ಕಣ್ಣಾರೆ ನೋಡಬೇಕಿದ್ದರೆ ಒಂದು ಉಪಾಯವಿದೆ. ಗಾಡಿ ನೆಲದ ಮೇಲಿದ್ದು ಬೋಲ್ಟ್ ಬಿಗಿದಾದ ಮೇಲೆ, ಬುಷ್ ಮುಖದ ಮೇಲೆ ಕೊಳವೆಯಿಂದ ಹೊರಬಳೆಯವರೆಗೆ ವೈಟ್ನರ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಜಾಕ್ ಎತ್ತಿ ಚಕ್ರ ಇಳಿಬಿಟ್ಟರೆ ರಬ್ಬರ್ ಮೇಲಿನ ಗೆರೆ ಓರೆಯಾಗುತ್ತದೆ. ಕೊಳವೆಯ ಮೇಲಿನ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತು ಬಹಳ ಜನರಿಗೆ ಹೊಳೆಯುವುದಿಲ್ಲ. ಬುಷ್ ಬದಲಿಸದೆ ಬರೀ ಸ್ಪ್ರಿಂಗ್ ಹಾಕಿಸಿದರೂ ಬುಷ್ ಬೋಲ್ಟ್ ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕು. ಹೊಸ ಸ್ಪ್ರಿಂಗ್ ಗಾಡಿಯನ್ನು 30 ಮಿಲಿಮೀಟರ್ ಎತ್ತಿದರೆ ಆರ್ಮ್ ಕೋನ ಸುಮಾರು 6 ಡಿಗ್ರಿ ಬದಲಾಗುತ್ತದೆ. ಬೋಲ್ಟ್ ಮುಟ್ಟದಿದ್ದರೆ ಹಳೆಯ ಎತ್ತರದಲ್ಲಿ ನೆಮ್ಮದಿಯಾಗಿದ್ದ ಬುಷ್ ಹೊಸ ಎತ್ತರದಲ್ಲಿ ಸದಾ ತಿರುಚಿಕೊಂಡಿರುತ್ತದೆ. ಶೋಕಿಗೆ ಗಾಡಿ ತಗ್ಗಿಸುವವರಿಗೂ ಇದೇ ಲೆಕ್ಕ, ದಿಕ್ಕು ಮಾತ್ರ ಉಲ್ಟಾ.

ಕ್ರಮ ಹೀಗೆ. ಮೇಲಿದ್ದಾಗ ಬೋಲ್ಟ್ ಹಾಕಿ, ನಟ್ ಕೂರುವಷ್ಟು ಮಾತ್ರ ತಿರುಗಿಸಿ, ಕೊಳವೆ ಇನ್ನೂ ತಿರುಗುವಂತಿರಲಿ. ಇಳಿಸಿದ ಮೇಲೆ ಟಯರ್ ನೆಲ ಕಚ್ಚಿಕೊಂಡಿರುವುದರಿಂದ ಗಾಡಿ ಪೂರ್ತಿ ಕೂರುವುದಿಲ್ಲ. ಶೆಡ್ಡಿನಲ್ಲೇ ನಾಲ್ಕಾರು ಅಡಿ ಹಿಂದೆ ಮುಂದೆ ತಳ್ಳಿ, ಬಾನೆಟ್ ಕಡೆ ಎರಡು ಸಲ ಅದುಮಿ. ಈಗ ನಿಂತ ಎತ್ತರವೇ ಸರಿಯಾದ್ದು. ಬಿಚ್ಚುವ ಮುಂಚೆ ಅಳೆದದ್ದು ಕೂತ ಸ್ಪ್ರಿಂಗ್‌ನ ಎತ್ತರ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದೇ ಸ್ಥಿತಿಯಲ್ಲಿ ಟಾರ್ಕ್ ವ್ರೆಂಚ್ (ಬಿಗಿತ ಅಳೆದು ತೋರಿಸುವ ಪಾನಾ) ಹಿಡಿದು ಕಂಪನಿ ಹೇಳಿದಷ್ಟು ಬಿಗಿಯಬೇಕು. ಬಿಎಂಡಬ್ಲ್ಯೂ ತನ್ನ ಎಷ್ಟೋ ಹಳೆಯ ಮಾಡೆಲ್‌ಗಳಿಗೆ ಮುಂದಿನ ಸೀಟು ಒಂದೊಂದಕ್ಕೆ 68 ಕೆಜಿ ಭಾರ ಇಟ್ಟು ಬಿಗಿಯಿರಿ ಅನ್ನುತ್ತದೆ. ನಮ್ಮ ಸಾಮಾನ್ಯ ಕಾರುಗಳಿಗೆ ಅಷ್ಟು ಶಿಸ್ತು ಬೇಡ, ಚಕ್ರ ನೆಲದ ಮೇಲಿದ್ದರೆ ಆಯಿತು.

ನಿಜವಾದ ಕಷ್ಟ ಕೈ ಹೋಗುವುದರಲ್ಲಿ. ಇಳಿದ ಗಾಡಿಯ ಕೆಳಗೆ ಜಾಗವಿರುವುದಿಲ್ಲ. ಕೆಳಗಿಳಿದು ಕೆಲಸ ಮಾಡುವ ಪಿಟ್ ಇರುವ ಗ್ಯಾರೇಜ್ ಆದರೆ ಚಿಂತೆಯಿಲ್ಲ. ಚಕ್ರದ ಮೇಲೆಯೇ ಗಾಡಿ ನಿಲ್ಲುವ ನಾಲ್ಕು ಕಂಬದ ಲಿಫ್ಟ್ ಕೂಡ ಆಗುತ್ತದೆ. ಎರಡು ಕಂಬದ ಲಿಫ್ಟ್ ಆದರೆ ಹಬ್ (ಚಕ್ರ ಕೂರುವ ನಡುಭಾಗ) ಕೆಳಗೆ ಸ್ಟ್ಯಾಂಡ್ ಕೊಟ್ಟು, ಫೆಂಡರ್ ಅಳತೆ ನೆಲದ ಮೇಲಿದ್ದಷ್ಟೇ ಬರುವವರೆಗೆ ಆರ್ಮ್ ಎತ್ತಿ ಬಿಗಿಯಬೇಕು. ಮನೆ ಮುಂದೆ ಬರೀ ಜಾಕ್ ನಂಬಿ ಕೆಳಗೆ ತೂರುವ ಸಾಹಸ ಬೇಡವೇ ಬೇಡ.

ಎಲ್ಲ ಬೋಲ್ಟಿಗೂ ಈ ನಿಯಮವಿಲ್ಲ. ಬಾಲ್ ಜಾಯಿಂಟ್ ನಟ್, ಸ್ಟ್ರಟ್ ಮೇಲಿನ ನಟ್‌ಗಳನ್ನು ಗಾಳಿಯಲ್ಲೇ ಬಿಗಿಯಬಹುದು. ಗ್ರೀಸ್ ಹಾಕಿ ಕೂರಿಸುವ ಪಾಲಿಯುರೆಥೇನ್ ಬುಷ್‌ಗಳು ಕೊಳವೆಗೆ ಅಂಟಿಕೊಂಡಿರುವುದಿಲ್ಲ, ಅದರ ಸುತ್ತ ಜಾರಿ ತಿರುಗುತ್ತವೆ, ಅವಕ್ಕೂ ತೊಂದರೆಯಿಲ್ಲ. ಹಿಂದಿನ ಆಕ್ಸಲ್‌ನ ದೊಡ್ಡ ರಬ್ಬರ್ ಬುಷ್‌ಗಳು, ಪಿಕಪ್ ಗಾಡಿಗಳ ಲೀಫ್ ಸ್ಪ್ರಿಂಗ್ ತುದಿಯ ರಬ್ಬರ್ ಬುಷ್‌ಗಳು ಕೂಡ ಆರ್ಮ್ ಬುಷ್‌ನಂತೆ ಈ ಲೆಕ್ಕಕ್ಕೆ ಸೇರುತ್ತವೆ.

ಗಾಡಿ ಬಿಡುವಾಗಲೇ "ಅಣ್ಣಾ, ಆರ್ಮ್ ಬೋಲ್ಟ್ ಫೈನಲ್ ಟೈಟ್ ನೆಲಕ್ಕೆ ಇಳಿಸಿದ ಮೇಲೆ ಮಾಡಿ" ಅಂತ ಹೇಳಿಬಿಡಿ. ವೀಲ್ ಅಲೈನ್‌ಮೆಂಟ್ ಇದಾದ ಮೇಲೆ ಮಾಡಿಸಿ. ಮೊದಲೇ ಮಾಡಿಸಿದರೆ ಬೋಲ್ಟ್ ಸಡಿಲಿಸಿ ಬಿಗಿದಾಗ ಅಳತೆ ಮತ್ತೆ ಕೆಡಬಹುದು, ಆ ದುಡ್ಡು ಎರಡನೇ ಸಲ ಕೊಡಬೇಕಾಗುತ್ತದೆ.