ಟಿವಿ ಕೆಟ್ಟಿದೆಯಾ, ನಮ್ಮ ಕಣ್ಣು ಕೆಟ್ಟಿದೆಯಾ?

ಪ್ರಶ್ನೆ: ಈಗಿನ ವೆಬ್ ಸೀರೀಸ್‌ಗಳಲ್ಲಿ ಅರ್ಧ ಕತೆ ಕತ್ತಲಲ್ಲೇ ನಡೆಯುತ್ತದೆ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಟಿವಿ ಬದಲಾಯಿಸಬೇಕಾ?

ಬೇಡ, ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ದಾವಣಗೆರೆಯ ನಮ್ಮ ಮನೆಯಲ್ಲೂ ಇದೇ ಗೋಳು. "ಹೊಡೆದಾಡೋದು ಕೇಳ್ತೈತಿ, ಯಾರು ಯಾರಿಗೆ ಹೊಡೆದ್ರು ಅಂತನೇ ಗೊತ್ತಾಗ್ತಿಲ್ಲ" ಅಂತ ಅವ್ವ ಕನ್ನಡಕ ಒರೆಸಿಕೊಳ್ಳುತ್ತಾರೆ. ಅದು ಕನ್ನಡಕದ ತಪ್ಪಲ್ಲ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿಲಿಂದ ಒಳಗೆ ಕಾಲಿಟ್ಟರೆ ಪಕ್ಕದಲ್ಲಿ ನಿಂತವರೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ವಯಸ್ಸಾದವರಿಗೆ ಇನ್ನೂ ಜಾಸ್ತಿ. ಈಗ ಸೀರೀಸ್‌ಗೆ ಕೊನೆಯಲ್ಲಿ ಬಣ್ಣ, ಬೆಳಕು ಹೊಂದಿಸುವವರನ್ನು ನೆನೆಸಿಕೊಳ್ಳಿ. ಅವರು ಕೂರುವುದು ಮಬ್ಬು ಬೆಳಕಿನ ಕೋಣೆಯಲ್ಲಿ, ಲಕ್ಷಗಟ್ಟಲೆ ಬೆಲೆಯ ಮಾನಿಟರ್ ಮುಂದೆ. ಅವರ ಕಣ್ಣು ಆಗಲೇ ಗುಹೆಯೊಳಗೆ ಪಳಗಿದೆ. ನಮ್ಮ ತಲೆ ಮೇಲೆ ಟ್ಯೂಬ್‌ಲೈಟ್. ದೀಪ ಹಚ್ಚೋ ಹೊತ್ತಲ್ಲಿ ಬಾಗಿಲು ಹಾಕಬಾರದು ಅಂತ ಮುಂಬಾಗಿಲು ಬೇರೆ ತೆರೆದಿರುತ್ತದೆ. ಬೀದಿ ದೀಪವೂ ಪರದೆ ಮೇಲೆ ಬೀಳುತ್ತದೆ. ಇಷ್ಟೆಲ್ಲ ಬೆಳಕಿಗೆ ಕಡುಗಪ್ಪು, ನಸುಗಪ್ಪು ಎರಡೂ ಒಂದೇ ಆಗಿಬಿಡುತ್ತವೆ. ನಟರ ಮುಖ ಇರುವುದು ಆ ನಸುಗಪ್ಪಿನಲ್ಲೇ, ಅಲ್ವಾ?

ಮೊದಲು ಹೀಗಿರಲಿಲ್ಲ. ಆಗಿನ ಕ್ಯಾಮೆರಾಗಳಿಗೆ ಬೆಳಕು ಜಾಸ್ತಿ ಬೇಕಿತ್ತು. ಮನೆಯಲ್ಲಿದ್ದದ್ದು ಡಬ್ಬಾ ಟಿವಿ, ಆಂಟೆನಾ ಚಿತ್ರ. ಹಾಗಾಗಿ ಸೆಟ್ ತುಂಬ ಬೆಳಕು ಚೆಲ್ಲುತ್ತಿದ್ದರು. ನಮ್ಮ ದಿನದ ಧಾರಾವಾಹಿಗಳಲ್ಲಿ ಇವತ್ತಿಗೂ ಅತ್ತೆ ಸೊಸೆ ಎಲ್ಲಿ ನಿಂತರೂ ಮುಖ ಕಾಣುತ್ತದೆ. 2010ರಲ್ಲಿ ಆರಿ ಕಂಪನಿಯ ಅಲೆಕ್ಸಾ ಎಂಬ ಸಿನಿಮಾ ಕ್ಯಾಮೆರಾ ಬಂತು. ಅಂಥ ಡಿಜಿಟಲ್ ಕ್ಯಾಮೆರಾಗಳಿಂದ ಮಬ್ಬು ಬೆಳಕಲ್ಲಿ ಶೂಟ್ ಮಾಡುವುದು ಸುಲಭವಾಯಿತು. ದೃಶ್ಯದಲ್ಲಿ ಒಂದು ಲಾಂದ್ರ ಇದ್ದರೆ, ಬೆಳಕು ಅಲ್ಲಿಂದಲೇ ಬಂದಂತೆ ಇರಲಿ ಎಂಬ ರುಚಿ ಬೆಳೆಯಿತು. ಚೆನ್ನಾಗಿ ಮಾಡಿದರೆ ಅದು ಬಹಳ ಚೆಂದ. ಗ್ರಾಫಿಕ್ಸ್‌ನ ಕೊರತೆ ಮುಚ್ಚಲೂ ಕತ್ತಲು ಒದಗುತ್ತದೆ.

2019ರ ಏಪ್ರಿಲ್‌ನಲ್ಲಿ ಗೇಮ್ ಆಫ್ ಥ್ರೋನ್ಸ್ ಎಂಬ ಇಂಗ್ಲಿಷ್ ಸೀರೀಸ್‌ನ ರಾತ್ರಿ ಯುದ್ಧದ ಕಂತು ಬಂದಾಗ ಜಗತ್ತಿನ ಎಲ್ಲ ಕಡೆಯಿಂದ ಇದೇ ದೂರು ಬಂತು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್, ಬಹಳ ಜನರಿಗೆ ಟಿವಿ ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ನಾನು ಇದನ್ನು ಒಪ್ಪುವುದಿಲ್ಲ. ಟಿವಿಗೆ ಕತೆ ಮಾಡುವವರು ಟಿವಿ ಇರುವ ಮನೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನೆರಡು ಕಾರಣಗಳಿವೆ. ಎಚ್‌ಡಿಆರ್ ಅಂದರೆ ಕಡುಗತ್ತಲಿಂದ ಮಿಂಚುವ ಬೆಳಕಿನವರೆಗೆ ಹೆಚ್ಚು ಹಂತ ತೋರಿಸುವ ಚಿತ್ರ. ಅದನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆ ಬೆಳಕಿನ ಅಳತೆ) ಬೆಳಕು ಕೊಡುವ ಪರದೆ ಮೇಲೆ ಸಿದ್ಧ ಮಾಡುತ್ತಾರೆ. ಅಗ್ಗದ ಟಿವಿಗೆ ಅದರ ಮೂರನೇ ಒಂದು ಪಾಲೂ ಕಷ್ಟ. ಮಿಂಚುವ ಭಾಗ ಉಳಿಸಲು ಹೋಗಿ ಅದು ಇಡೀ ಚಿತ್ರವನ್ನೇ ಮಬ್ಬು ಮಾಡುತ್ತದೆ. ಇನ್ನೊಂದು, ನೆಟ್ ನಿಧಾನವಾದಾಗ ಆಪ್ ಡೇಟಾ ಕಡಿಮೆ ಕಳಿಸುತ್ತದೆ. ಮೊದಲು ಹಾಳಾಗುವುದು ಕತ್ತಲ ಭಾಗ. ರಾತ್ರಿ ಆಕಾಶದಲ್ಲಿ ಚೌಕ ಚೌಕ ಕಲೆ ಕಾಣುವುದು ಅದಕ್ಕೇ.

ಎದುರಿನ ಟ್ಯೂಬ್‌ಲೈಟ್ ಆರಿಸಿ, ಟಿವಿ ಹಿಂದೆ ಒಂದು ಚಿಕ್ಕ ದೀಪ ಹಚ್ಚಿ. ಇದೇ ಅರ್ಧ ಪರಿಹಾರ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕರೆಂಟ್ ಉಳಿಸುವ ಮೋಡ್ ತೆಗೆಯಿರಿ. ಪಿಕ್ಚರ್ ಮೋಡ್ 'ವಿವಿಡ್' ಇದ್ದರೆ 'ಸಿನಿಮಾ'ಗೆ ಬದಲಿಸಿ, ಬ್ಯಾಕ್‌ಲೈಟ್ ಪೂರ್ತಿ ಏರಿಸಿ. ಗಾಮಾ ಅಂತ ಒಂದು ಅಂಕ ಇರುತ್ತದೆ, ನಸುಗಪ್ಪು ಎಷ್ಟು ಗಾಢವಾಗಿ ಕಾಣಬೇಕು ಅಂತ ಹೊಂದಿಸುವುದು ಅದು. 2.4 ಇದ್ದರೆ 2.2ಕ್ಕೆ ತನ್ನಿ, ನೆರಳಿನ ಭಾಗ ತಿಳಿಯಾಗುತ್ತದೆ. ಇನ್ನೂ ಸಾಲದಿದ್ದರೆ ಬ್ರೈಟ್‌ನೆಸ್ ಎರಡು ಮೂರು ಅಂಕ ಮೇಲೆ. ಅದಕ್ಕಿಂತ ಜಾಸ್ತಿ ಮಾಡಿದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ.

ಇದನ್ನು ರಾತ್ರಿ ಹೊತ್ತು, ಒಂದು ಕತ್ತಲ ದೃಶ್ಯ ನಿಲ್ಲಿಸಿಕೊಂಡು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ನಾನು ಗಾಮಾ ಇಳಿಸಿದ ಕೂಡಲೇ ಅವ್ವ ಮುಂದಕ್ಕೆ ಬಾಗಿ ನೋಡಿದರು. "ಬಾಗಿಲ ಹಿಂದೆ ಇನ್ನೊಬ್ಬ ನಿಂತಾನಲ್ಲೋ!"