ಹಾಳೆ ಜಗ್ಗುವ ಮೊದಲು ಅದು ನಿಂತ ಜಾಗ ನೋಡಿ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ನಾಲ್ಕಾರು ದಿನ ಬಿಸಿಲು ಕಾಣದಾದಾಗ, ಕಚೇರಿಗಳಲ್ಲಿಯೂ ಜೆರಾಕ್ಸ್ ಅಂಗಡಿಗಳಲ್ಲಿಯೂ ಲೇಸರ್ ಪ್ರಿಂಟರುಗಳು ಕಾಗದ ಸಿಕ್ಕಿಸಿಕೊಂಡು ನಿಲ್ಲುವುದು ಹೆಚ್ಚುತ್ತದೆ. ಜಮೀನಿನ ಉತಾರಕ್ಕಾಗಿ ಸಾಲಿನಲ್ಲಿ ನಿಂತವರ ಎದುರಿಗೇ ಮುಚ್ಚಳ ತೆರೆದು, ಕೈಗೆ ಸಿಕ್ಕ ತುದಿಯನ್ನು ಜಗ್ಗಿ ತೆಗೆದು, ಮತ್ತೆ ಮುದ್ರಣಕ್ಕೆ ಕೊಡುತ್ತಾರೆ. ಐದಾರು ಹಾಳೆ ಬಂದ ಮೇಲೆ ಪುನಃ ಅದೇ ಗೋಳು. ಹಾಳೆ ಯಾವ ಜಾಗದಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ಕಾರಣ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಹಾಳೆ ಸಿಕ್ಕಿಕೊಂಡಿದೆ ಎಂದು ಯಂತ್ರಕ್ಕೆ ತಿಳಿಯುವುದು ವೇಳೆಯ ಲೆಕ್ಕದಿಂದ. ಕಾಗದ ಸಾಗುವ ದಾರಿಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಸನ್ನೆಗಳಿದ್ದು, ಹಾಳೆಯ ಅಂಚು ತಾಗಿದೊಡನೆ ಅವು ವಾಲಿ ಸೆನ್ಸರಿಗೆ ಸುದ್ದಿ ಮುಟ್ಟಿಸುತ್ತವೆ. ಬಸ್ ನಿಲ್ದಾಣದ ಕಂಟ್ರೋಲರು ಪ್ರತಿ ಬಸ್ಸಿನ ವೇಳೆ ಬರೆದುಕೊಂಡಂತೆ ಯಂತ್ರ ಅದನ್ನು ತಾಳೆ ನೋಡುತ್ತದೆ. ನಿಮಿಷಕ್ಕೆ 20 ಪುಟ ಮುದ್ರಿಸುವ ಪ್ರಿಂಟರಿನಲ್ಲಿ ಒಂದು ಹಾಳೆಯ ಪಾಲಿಗೆ ಬರುವುದು 3 ಸೆಕೆಂಡು. ಆದ್ದರಿಂದ ಎಲ್ಲಿಯೂ ಮಡಚದ ಹಾಳೆಯೂ ಕೊಂಚ ತಡವಾಗಿ ತಲುಪಿದರೆ ಜಾಮ್ ಎನಿಸಿಕೊಳ್ಳುತ್ತದೆ.

ಟ್ರೇ ಬಾಯಲ್ಲಿಯೇ ನಿಂತರೆ ಸಂಶಯಪಡಬೇಕಾದದ್ದು ಹಾಳೆ ಎತ್ತುವ ರಬ್ಬರ್ ರೋಲರನ್ನು. ಕಾಗದದ ಧೂಳು ಕುಳಿತು ಅದರ ಮೈ ನುಣುಪಾಗಿ ಹೊಳೆಯತೊಡಗಿದರೆ ಹಿಡಿತ ತಪ್ಪುತ್ತದೆ. ಯಂತ್ರವನ್ನು ಬಂದ್ ಮಾಡಿ, ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ಹಲವು ಸಲ ಅಷ್ಟೇ ಸಾಕಾಗುತ್ತದೆ. ಕೆಲವರು ಪಾಲಿಶ್ ಕಾಗದದಿಂದ ಉಜ್ಜುತ್ತಾರೆ. ರಬ್ಬರು ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಸವೆದು ಹಾಳೆ ಓರೆಯಾಗಿ ಹೋಗುವುದರಿಂದ ಆ ಉಪಾಯ ನನಗೆ ಒಪ್ಪಿಗೆಯಿಲ್ಲ. ಎರಡು ಮೂರು ಹಾಳೆ ಒಟ್ಟಿಗೆ ಒಳಹೋಗುತ್ತಿದ್ದರೆ ಅವುಗಳನ್ನು ಬೇರ್ಪಡಿಸುವ ಪ್ಯಾಡು ಸವೆದಿರಬಹುದು, ಅಥವಾ ಗದಗಿನ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಸ್ಥಿರ ವಿದ್ಯುತ್ತಿನಿಂದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರಬಹುದು.

ಮಳೆಗಾಲದ ಕಾಟವೇ ಬೇರೆ. ಕಾಗದದ ನಾರು ಗಾಳಿಯ ತೇವವನ್ನು ಹೀರಿ, ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ತೆರೆದಿಟ್ಟ ರಿಮ್ಮಿನಲ್ಲಿ ಅಂಚುಗಳಿಗೆ ಮೊದಲು ತೇವ ತಗಲುವುದರಿಂದ ಅಂಚು ಅಲೆಯಲೆಯಾಗುತ್ತದೆ. ಅಂಥ ಹಾಳೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಫ್ಯೂಸರಿಗೆ, ಅಂದರೆ ಮಸಿಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗಕ್ಕೆ, ಸಿಕ್ಕಾಗ ತೇವ ಆವಿಯಾಗುತ್ತದೆ. ಎರಡು ಮೈಗಳೂ ಸಮನಾಗಿ ಒಣಗದೆ ಹಾಳೆ ಸುರುಳಿಯಾಗಿ ಹೊರಬಾಯಲ್ಲಿ ಮಡಚಿಕೊಳ್ಳುತ್ತದೆ. ಆಗ ಹೊರಬರುವ ಬಿಳಿ ಆವಿಯನ್ನು ಕಂಡು ಯಂತ್ರ ಸುಟ್ಟಿತೆಂದು ಗಾಬರಿಯಾಗುವವರಿದ್ದಾರೆ. ಅಕ್ಷರಗಳು ಅಲ್ಲಲ್ಲಿ ಮಾಸಲಾಗಿದ್ದರೂ ತೇವವನ್ನೇ ಶಂಕಿಸಬೇಕು. 1938ರಲ್ಲಿ ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶದಿಂದ ಪುಡಿಯನ್ನು ಹಿಡಿದಿಟ್ಟ ತತ್ತ್ವವೇ ಇಂದಿನ ಟೋನರ್ ಎಂಬ ಮಸಿಪುಡಿಗೂ ಆಧಾರವಾಗಿದ್ದು, ಹಸಿ ಕಾಗದದಲ್ಲಿ ಆ ಆವೇಶ ಸೋರಿಹೋಗುತ್ತದೆ. ದಾಂಡೇಲಿಯ ಕಾರ್ಖಾನೆಯ ಕಾಗದವಿರಲಿ, ಬೇರೆ ಊರಿನದಿರಲಿ, ರಿಮ್ಮಿನ ಹೊದಿಕೆ ಸಾಮಾನ್ಯವಾಗಿ ತೇವ ತಡೆಯುವಂಥದ್ದು. ಟ್ರೇಗೆ ಆ ದಿನಕ್ಕೆ ಬೇಕಾದಷ್ಟನ್ನೇ ಹಾಕಿ ಉಳಿದದ್ದನ್ನು ಆ ಹೊದಿಕೆಯಲ್ಲಿಯೇ ಮುಚ್ಚಿಡುವುದು ಲೇಸು.

ಸಿಕ್ಕಿದ ಹಾಳೆಯನ್ನು ಎರಡೂ ಕೈಯಿಂದ, ಆದಷ್ಟು ಅದು ಸಾಗುವ ದಿಕ್ಕಿಗೇ, ನಿಧಾನವಾಗಿ ಎಳೆಯಬೇಕು. ಫ್ಯೂಸರಿನ ಬಳಿಯಾದರೆ ಯಂತ್ರ ತಣ್ಣಗಾಗುವವರೆಗೆ ಕಾಯಬೇಕು. ಬ್ಲೇಡು, ಸ್ಕ್ರೂಡ್ರೈವರ್ ಹಾಕಿ ಕೆದಕಿದರೆ ಅದರ ತೆಳುಪದರ ಹರಿದು ರಿಪೇರಿಯ ಖರ್ಚು ಏರುತ್ತದೆ. ಹೊರತೆಗೆದ ಹಾಳೆಯನ್ನು ಮೇಜಿನ ಮೇಲೆ ಹರಡಿ ನಾಲ್ಕೂ ಮೂಲೆಗಳನ್ನು ನೋಡಬೇಕು. ಒಂದು ಮೂಲೆ ಹರಿದಿದ್ದರೆ ಆ ಚೂರು ಒಳಗೇ ಉಳಿದಿದೆ. ಅದು ಸನ್ನೆಯನ್ನು ಅದುಮಿ ಹಿಡಿದಿದ್ದರೆ, ದಾರಿ ಖಾಲಿಯಿದ್ದರೂ ಪ್ರಿಂಟರು ಜಾಮ್ ಎಂದೇ ಹೇಳುತ್ತಿರುತ್ತದೆ.