ವಿಡಿಯಾ ಹಲ್ಲಿನೊಳಗೆ ಬಿರುಕು ಬೆಳೆಯುವ ಬಗೆ: ಸಿಮ್ಯುಲೇಶನ್ ಟಿಪ್ಪಣಿ

ಹೊನ್ನಾವರ, ಭಟ್ಕಳದ ಕಡೆ ಚಿರೆಕಲ್ಲು ಕೊಯ್ಯುವ ಮೆಶಿನ್ ನೋಡಿರುತ್ತೀರಿ. ಅದರ ಚಕ್ರದ ಅಂಚಿಗೆ ಬೆಸೆದ ಹಲ್ಲುಗಳೇ ಹಾರ್ಡ್‌ಮೆಟಲ್. ವರ್ಕ್‌ಶಾಪಿನವರು ‘ವಿಡಿಯಾ’ ಅನ್ನುವುದು ಇದನ್ನೇ. ಹಲ್ಲು ಸುತ್ತಿಗೊಮ್ಮೆ ಕಲ್ಲಿಗೆ ಹೊಗುತ್ತದೆ, ಹೊರಗೆ ಬರುತ್ತದೆ. ಹೊಕ್ಕಾಗ ಲೋಡ್, ಬಂದಾಗ ಖಾಲಿ. ಒಂದೇ ಪೆಟ್ಟಿಗೆ ಜಗ್ಗದ ಹಲ್ಲು ಹೀಗೆ ಸುತ್ತಿ ಸುತ್ತಿ ಒಂದು ದಿನ ಮುರಿಯುತ್ತದೆ. ಅದೇ ಫೆಟೀಗ್.

ಒಳಗಿರುವುದು ಟಂಗ್‌ಸ್ಟನ್ ಕಾರ್ಬೈಡ್ ಕಣಗಳು, ಸಂದಿಯಲ್ಲಿ ಕೋಬಾಲ್ಟ್. ಕಾರ್ಬೈಡ್‌ನ ಯಂಗ್ಸ್ ಮಾಡ್ಯುಲಸ್ (ಎಳೆದರೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಸುಮಾರು 700 ಗಿಗಾಪಾಸ್ಕಲ್, ಕೋಬಾಲ್ಟಿನದು 210ರ ಆಸುಪಾಸು. ಕಾರ್ಬೈಡ್ ಸೀದಾ ಒಡೆಯುತ್ತದೆ, ಕೋಬಾಲ್ಟ್ ಹಿಗ್ಗುತ್ತದೆ. ಬಿರುಕಿನ ತುದಿ ಮುಂದೆ ಹೋದರೂ ಹಿಂದೆ ಕೋಬಾಲ್ಟಿನ ಎಳೆಗಳು ಎರಡೂ ಮಗ್ಗುಲನ್ನು ಹಿಡಿದುಕೊಂಡಿರುತ್ತವೆ. ಪದೇಪದೇ ಎಳೆದು ಬಿಟ್ಟರೆ ಕೋಬಾಲ್ಟಿನ ಹರಳಿನ ರಚನೆ ಘನಾಕಾರದಿಂದ ಷಟ್ಕೋನಾಕಾರಕ್ಕೆ ತಿರುಗುತ್ತದೆ. ಆಮೇಲೆ ಹಿಗ್ಗುವ ಗುಣ ಕಮ್ಮಿ, ಎಳೆ ಬೇಗ ಹರಿಯುತ್ತದೆ. ಹಾಗಾಗಿ ಈ ಬಿರುಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್‌ನಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಕೋಬಾಲ್ಟಿನ ಬಗ್ಗೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಿಂದ ಮೆಶ್ ಮಾಡುತ್ತಾರೆ, ಅಂದರೆ ಚಿತ್ರವನ್ನು ಎಲಿಮೆಂಟ್ ಅನ್ನುವ ಸಣ್ಣ ಸಣ್ಣ ತುಂಡುಗಳಾಗಿ ಹೆಚ್ಚುತ್ತಾರೆ. ಎರಡು ವಸ್ತುವಿಗೆ ಎರಡು ನಿಯಮ. ಕಾರ್ಬೈಡ್ ಎಲಿಮೆಂಟಿನಲ್ಲಿ ಗರಿಷ್ಠ ಎಳೆತದ ಒತ್ತಡ ಮಿತಿ ದಾಟಿತೋ, ಅದನ್ನು ತೆಗೆದುಬಿಡುವುದು. ಕೋಬಾಲ್ಟಿಗೆ ಪ್ರತಿ ಸೈಕಲ್‌ನ ಪ್ಲಾಸ್ಟಿಕ್ ಸ್ಟ್ರೇನ್ (ಲೋಡ್ ತೆಗೆದರೂ ವಾಪಸ್ ಹೋಗದ ಹಿಗ್ಗು) ನೋಡಿ ಡ್ಯಾಮೇಜ್ ಕೂಡಿಸುತ್ತಾ ಹೋಗುವುದು, ತುಂಬಿದಾಗ ತೆಗೆಯುವುದು. ಲಕ್ಷ ಸೈಕಲ್‌ನ ಲೆಕ್ಕ ಒಂದೊಂದಾಗಿ ಬಿಡಿಸುತ್ತಾ ಕೂತರೆ ಆಗಿಹೋಯ್ತು! ಕೆಲವನ್ನು ಬಿಡಿಸಿ, ಅದೇ ವೇಗದಲ್ಲಿ ಡ್ಯಾಮೇಜ್ ಬೆಳೆಯುತ್ತದೆ ಅಂತ ಹಿಡಿದು ಮುಂದಕ್ಕೆ ಜಿಗಿಯುತ್ತಾರೆ. ಜಿಗಿತ ಅತಿಯಾದರೆ ಬಿರುಕಿನ ದಾರಿಯೇ ಬದಲಾದೀತು.

ಲೋಡ್ ಹಾಕುವ ಮೊದಲು ತಣಿಸುವ ಹಂತ ಸೇರಿಸಿ. ಸುಮಾರು 1400 ಡಿಗ್ರಿಯಲ್ಲಿ ಸಿಂಟರ್ ಆದದ್ದು (ಪುಡಿಯನ್ನು ಕಾಸಿ ಗಟ್ಟಿಯಾಗಿ ಬೆಸೆದದ್ದು) ತಣಿಯುವಾಗ ಕೋಬಾಲ್ಟ್ ಕಾರ್ಬೈಡ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಕುಗ್ಗುತ್ತದೆ. ಕಲ್ಲು ಮುಟ್ಟುವ ಮೊದಲೇ ಕೋಬಾಲ್ಟಿನಲ್ಲಿ ಎಳೆತ, ಕಾರ್ಬೈಡಿನಲ್ಲಿ ಒತ್ತು ಕೂತಿರುತ್ತದೆ.

ಮೆಶ್ ಗಾತ್ರವೂ ಆಟ ಆಡಿಸುತ್ತದೆ, ಯಾಕಂದ್ರೆ ತೆಗೆದ ಎಲಿಮೆಂಟಿನ ಅಗಲವೇ ಬಿರುಕಿನ ಅಗಲ. ಇನ್ನು 2ಡಿ ಚಿತ್ರದಲ್ಲಿ ಬಿಡಿಬಿಡಿಯಾಗಿ ಕಂಡ ಕಣಗಳು ನಿಜದಲ್ಲಿ ಮೇಲೆ ಕೆಳಗೆ ಒಂದಕ್ಕೊಂದು ತಾಗಿರುತ್ತವೆ. 2ಡಿಯಿಂದ ಬಿರುಕಿನ ದಾರಿಯ ಅಂದಾಜು ಸಿಕ್ಕೀತು. ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ 1963ರ ಪ್ಯಾರಿಸ್–ಎರ್ಡೋಗನ್ ಸೂತ್ರ. ಬಿರುಕಿನ ವೇಗ (ಒಂದು ಸೈಕಲ್ಲಿಗೆ ಎಷ್ಟು ಬೆಳೆಯುತ್ತದೆ ಅನ್ನುವುದು), ಒತ್ತಡ ತೀವ್ರತೆಯ (ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ಜೋರು ಅನ್ನುವ ಅಳತೆ) ಏರಿಳಿತದ ಒಂದು ಘಾತಕ್ಕೆ ತಕ್ಕಂತೆ ಏರುತ್ತದೆ. ಉಕ್ಕಿಗೆ ಘಾತಾಂಕ 3ರ ಹತ್ತಿರ, ಹಾರ್ಡ್‌ಮೆಟಲ್‌ಗೆ 10 ದಾಟುವುದು ಮಾಮೂಲಿ. 15 ಅಂತ ಇಟ್ಟುಕೊಳ್ಳಿ. ಲೋಡ್ ಶೇಕಡಾ 10 ಏರಿದರೆ ಉಕ್ಕಿನಲ್ಲಿ ವೇಗ 1.33 ಪಟ್ಟು, ಇಲ್ಲಿ 4.2 ಪಟ್ಟು! ನಿಮ್ಮ ಉತ್ತರ ಪ್ರಯೋಗಕ್ಕಿಂತ ನಾಲ್ಕು ಪಟ್ಟು ಆಚೀಚೆ ಬಂದರೆ ಮೊದಲು ಲೋಡನ್ನು ಪರೀಕ್ಷಿಸಿ. ಡ್ಯಾಮೇಜ್ ನಿಯಮವನ್ನು ಬಯ್ಯುವುದು ಆಮೇಲೆ.